ಅರಮನೆ ಇವತ್ತು ಬಂದ್ ಅಂತ ಯಾರಾದರೂ ಹೇಳಿದರೆ

ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಸರ್ಕಲ್ ಹತ್ತಿರ ನನ್ನದೊಂದು ಟ್ರಾವೆಲ್ಸ್ ಇದೆ. ಬಸ್ ಟಿಕೆಟ್ ಬುಕ್ ಮಾಡುತ್ತ ಶುರುವಾದದ್ದು, ಈಗ ಬಹುಪಾಲು ವಿದೇಶ ಪ್ರವಾಸದ ಕೆಲಸ. ಗಿರಾಕಿಗಳು ಮೂರು ಥರ. ಐಟಿಪಿಎಲ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಸಾಫ್ಟ್‌ವೇರ್ ಸಂಸಾರಗಳು ಒಂದು. ಇವರದು ಥಾಯ್ಲೆಂಡ್, ಬಾಲಿ, ವಿಯೆಟ್ನಾಂ. ಬೋನಸ್ ಚೆನ್ನಾಗಿ ಬಂದ ವರ್ಷ ಯೂರೋಪ್. ಎರಡನೆಯವರು ಪೀಣ್ಯದ ಯಜಮಾನರು. ಲೇತ್, ಸಿಎನ್‌ಸಿ, ಪ್ರೆಸ್ ಶಾಪ್ ಇಟ್ಟುಕೊಂಡು ಗ್ವಾಂಗ್‌ಝೌನ ಕ್ಯಾಂಟನ್ ಮೇಳಕ್ಕೋ, ಜರ್ಮನಿಯ ಮೆಷಿನ್ ಟೂಲ್ ಮೇಳಕ್ಕೋ ಹೋಗಿಬರುವವರು. ಮೂರನೆಯವರು ಡೀಲರ್‌ಗಳು. ಸಿಮೆಂಟು, ಪೇಂಟು, ಪಂಪ್‌ಸೆಟ್ ಕಂಪನಿಗಳ ಟಾರ್ಗೆಟ್ ಮುಟ್ಟಿಸಿ, ಕಂಪನಿ ಖರ್ಚಿನಲ್ಲೇ ಬ್ಯಾಂಕಾಕ್–ಪಟ್ಟಾಯ ನೋಡಿಕೊಂಡು ಬರುವವರು.

ಈ ಮೂರೂ ಥರದವರು ವಿದೇಶದಲ್ಲಿ ದುಡ್ಡು ಕಳೆದುಕೊಂಡು ಬಂದು ನನ್ನ ಮುಂದೆ ಕುಳಿತಿದ್ದಾರೆ. ಇವರಲ್ಲಿ ದಡ್ಡರು ಯಾರೂ ಇಲ್ಲ. ಮಿಕ್ಸಿ ಕೊಳ್ಳುವುದಕ್ಕೂ ನಾಲ್ಕು ಕಡೆ ಬೆಲೆ ತಾಳೆ ನೋಡುವ ಜನ, ಮೈಕ್ರಾನ್ ಲೆಕ್ಕದಲ್ಲಿ ಬಿಡಿಭಾಗ ಕಡೆಯುವ ಜನ. ಹಾಗಿದ್ದೂ ಎಲ್ಲಿ ಎಡವುತ್ತಾರೆ ಎಂದು ಅವರ ಮಾತು ಕೇಳಿ, ಗುಂಪುಗಳ ಜೊತೆ ಹೋಗಿ ನೋಡಿ ತಿಳಿದದ್ದನ್ನು ಬರೆದಿದ್ದೇನೆ.

1. ಮೊದಲ ಮೋಸ ಊರು ಬಿಡುವ ಮೊದಲೇ ಆಗುತ್ತದೆ

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರನ್ನು ವೀಸಾ ಇಲ್ಲದೆ ಒಳಗೆ ಬಿಡಲು ಶುರುಮಾಡಿದ ಮೇಲೆ ನನ್ನಂಥವರ ಬಳಿ ಬರದೆ ತಾವೇ ಬುಕ್ ಮಾಡಿಕೊಂಡು ಹೋಗುವವರು ಹೆಚ್ಚಿದರು. ಒಳ್ಳೆಯದೇ. ಆದರೆ 2025ರ ಮೇ 1ರಿಂದ ಆ ದೇಶಕ್ಕೆ ಹೋಗುವ ಪ್ರತಿಯೊಬ್ಬ ವಿದೇಶಿಯೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಗೂಗಲ್‌ನಲ್ಲಿ ಅದರ ಹೆಸರು ಹೊಡೆದರೆ ಮೊದಲು ಕಾಣುವುದು ಜಾಹೀರಾತು. ಥಾಯ್ ಬಾವುಟ, ಲಾಂಛನದಂಥ ಚಿತ್ರ, ನೀಟಾದ ಫಾರಂ, ಕೊನೆಯಲ್ಲಿ ಡಾಲರ್‌ನಲ್ಲಿ ಶುಲ್ಕ. ನಾಲ್ಕು ಜನರ ಸಂಸಾರ ನಾಲ್ಕು ಸಲ ಕಟ್ಟಿರುತ್ತದೆ. ಅಸಲಿಗೆ ಆ ಕಾರ್ಡಿಗೆ ಒಂದು ಪೈಸೆಯೂ ಇಲ್ಲ. ಮಲೇಷ್ಯಾದ ಅರೈವಲ್ ಕಾರ್ಡ್ ಕೂಡ ಉಚಿತ, ಸಿಂಗಪುರದ್ದೂ ಉಚಿತ. ಮೂರನ್ನೂ ತಲುಪುವ ಮೊದಲಿನ ಮೂರು ದಿನದೊಳಗೆ ತುಂಬಿದರೆ ಸಾಕು. ವಿಯೆಟ್ನಾಂ ಇ-ವೀಸಾಕ್ಕೆ ಮಾತ್ರ ಶುಲ್ಕ ಇದೆ. ಸರ್ಕಾರಿ ದರ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅದಕ್ಕೆ ಎಂಬತ್ತು, ನೂರು ಡಾಲರ್ ಕೊಟ್ಟು ಬಂದವರನ್ನು ನೋಡಿದ್ದೇನೆ.

ಇಲ್ಲಿ ನೋಡಬೇಕಾದ್ದು ವೆಬ್‌ಸೈಟಿನ ಬಾಲ. ಥಾಯ್ಲೆಂಡ್‌ನದಾದರೆ ‘ಗೋ ಡಾಟ್ ಟಿಎಚ್’ ಎಂದೇ ಮುಗಿಯಬೇಕು, ಮಲೇಷ್ಯಾದ್ದು ‘ಗವ್ ಡಾಟ್ ಎಂವೈ’, ಸಿಂಗಪುರದ್ದು ‘ಗವ್ ಡಾಟ್ ಎಸ್‌ಜಿ’, ವಿಯೆಟ್ನಾಂದು ‘ಗವ್ ಡಾಟ್ ವಿಎನ್’. ಹೆಸರಿನ ನಡುವೆ ‘ಗವ್’ ಅಂತ ಸೇರಿಸಿಕೊಂಡು ‘ಕಾಮ್’ ಎಂದು ಮುಗಿಯುವುದಾದರೆ ಅದು ಅಂಗಡಿ. ದುಡ್ಡು ಹೋಗುವುದಕ್ಕಿಂತ ನನಗೆ ಹೆಚ್ಚು ಭಯವಾಗುವುದು ಪಾಸ್‌ಪೋರ್ಟ್‌ನ ಫೋಟೋ ಅವರ ಕೈಗೆ ಸಿಗುವುದು.

2. ‘ಅರಮನೆ ಇವತ್ತು ಬಂದ್’

ಬ್ಯಾಂಕಾಕ್‌ನ ಗ್ರ್ಯಾಂಡ್ ಪ್ಯಾಲೇಸ್‌ನ ಬಿಳಿ ಗೋಡೆಯ ಪಕ್ಕ ನಡೆಯುತ್ತಿರುತ್ತೀರಿ. ಬಾಗಿಲು ಇನ್ನೂ ಸ್ವಲ್ಪ ದೂರ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಗುರುತಿನ ಚೀಟಿಯಂಥದ್ದೇನೋ ನೇತುಹಾಕಿಕೊಂಡ ಮಧ್ಯವಯಸ್ಸಿನ ಮನುಷ್ಯ ಎದುರಾಗುತ್ತಾನೆ. ಅವನು ಏನನ್ನೂ ಮಾರುವುದಿಲ್ಲ. ಯಾವ ಊರು, ಮಕ್ಕಳೆಷ್ಟು ಅಂತ ವಿಚಾರಿಸುತ್ತಾನೆ. ಆಮೇಲೆ ಬೇಜಾರಿನ ಮುಖ ಮಾಡಿ, ಇವತ್ತು ಬೌದ್ಧರ ಹಬ್ಬ, ಮಧ್ಯಾಹ್ನದವರೆಗೆ ಅರಮನೆ ಬಂದ್ ಅನ್ನುತ್ತಾನೆ. ನಿಮ್ಮ ಮುಖ ಸಪ್ಪೆಯಾಗುತ್ತದೆ. ಬಿಸಿಲು, ಕೈಯಲ್ಲಿ ಮಗು, ವಾಪಸ್ ಹೋಟೆಲ್‌ಗೆ ಹೋಗುವ ಮನಸ್ಸಿಲ್ಲ. ಅಷ್ಟರಲ್ಲಿ ಅವನೇ ನಿಮ್ಮ ಮ್ಯಾಪ್ ಇಸಕೊಂಡು, ಈ ಬುದ್ಧ ನೋಡಿ, ಆ ಬುದ್ಧ ನೋಡಿ, ಅಷ್ಟರಲ್ಲಿ ಅರಮನೆ ತೆಗೆಯುತ್ತದೆ ಅಂತ ಪೆನ್ನಿನಲ್ಲಿ ಗುರುತು ಹಾಕಿಕೊಡುತ್ತಾನೆ. ಒಂದು ಟುಕ್-ಟುಕ್ ನಿಂತೇ ಇರುತ್ತದೆ. ಎಲ್ಲ ಸುತ್ತಿಸಿ ತರುವುದಕ್ಕೆ ನಲವತ್ತು ಬಾಟ್, ಅಂದರೆ ನಮ್ಮ ಆಟೋ ಮಿನಿಮಮ್‌ನ ಸುಮಾರು ಮೂರು ಪಟ್ಟು.

ಮೊದಲ ದೇವಸ್ಥಾನ ನಿಜವಾಗಿಯೂ ಚೆನ್ನಾಗಿರುತ್ತದೆ. ಅಲ್ಲೊಬ್ಬ ತಾನಾಗಿಯೇ ಮಾತಿಗೆ ಸಿಗುತ್ತಾನೆ. ತಾನೂ ಪ್ರವಾಸಿ, ಅಥವಾ ಸರ್ಕಾರಿ ನೌಕರ ಅನ್ನುತ್ತಾನೆ. ಮಾತಿನ ನಡುವೆ, ಇವತ್ತು ಸರ್ಕಾರದ ರತ್ನದ ಮಳಿಗೆಯಲ್ಲಿ ತೆರಿಗೆ ಇಲ್ಲದ ಕೊನೆಯ ದಿನ, ನಾನೂ ತಗೊಂಡೆ, ಊರಲ್ಲಿ ಎರಡರಷ್ಟಕ್ಕೆ ಹೋಗುತ್ತದೆ ಅಂತ ಒಂದು ಮಾತು ಬಿಡುತ್ತಾನೆ. ಮುಂದಿನ ನಿಲ್ದಾಣ ಆ ಮಳಿಗೆಯೇ. ಮೂವರೂ ಒಂದೇ ತಂಡ. ಟುಕ್-ಟುಕ್‌ನವನಿಗೆ ಗಿರಾಕಿಯನ್ನು ಒಳಗೆ ಬಿಟ್ಟರೆ ಸಾಕು, ಅಂಗಡಿಯವರು ಪೆಟ್ರೋಲ್ ಕೂಪನ್ ಕೊಡುತ್ತಾರೆ. ಕೊಂಡರೆ ಕಮಿಷನ್ ಬೇರೆ. ನಲವತ್ತು ಬಾಟ್‌ಗೆ ಊರೆಲ್ಲ ಸುತ್ತಿಸುವುದು ಅವನಿಗೆ ಹೇಗೆ ಗಿಟ್ಟುತ್ತದೆ ಅನ್ನುವುದಕ್ಕೆ ಉತ್ತರ ಅದು.

ಅಲ್ಲಿ ಕೊಡುವ ನೀಲ, ಮಾಣಿಕ್ಯ ಸಾಮಾನ್ಯವಾಗಿ ಗಾಜಲ್ಲ, ಕಲ್ಲೇ. ಕಳಪೆ ಕಲ್ಲಿಗೆ ಹಲವು ಪಟ್ಟು ಬೆಲೆ ಹಾಕಿರುತ್ತಾರೆ, ಅಷ್ಟೇ. ಅದಕ್ಕೇ ಪೊಲೀಸರಿಗೆ ಹೇಳಿದರೂ ಕೇಸು ಗಟ್ಟಿಯಾಗಿ ನಿಲ್ಲುವುದಿಲ್ಲ. ಕೈಯಲ್ಲಿ ಕೊಡದೆ ನಿಮ್ಮ ಮನೆಗೇ ಪಾರ್ಸೆಲ್ ಮಾಡುತ್ತೇವೆ ಅನ್ನುತ್ತಾರೆ. ಪಾರ್ಸೆಲ್ ಬೆಂಗಳೂರಿಗೆ ಬಂದು, ಅದನ್ನು ಚಿಕ್ಕಪೇಟೆಯ ಸೇಠ್ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿ, ಏನೂ ಮಾತಾಡದೆ ಪೊಟ್ಟಣ ಮಡಿಚಿ ಹಿಂದಕ್ಕೆ ಕೊಡುವ ಹೊತ್ತಿಗೆ ವಾರಗಳು ಕಳೆದಿರುತ್ತವೆ.

ಅರಮನೆ ವಾರದ ಏಳೂ ದಿನ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ಟಿಕೆಟ್ ಕೊಡುತ್ತದೆ, 500 ಬಾಟ್. ಅಪರೂಪಕ್ಕೆ ರಾಜಮನೆತನದ ಸಮಾರಂಭಕ್ಕೆ ಮುಚ್ಚಿದರೆ ಅವರ ವೆಬ್‌ಸೈಟಿನಲ್ಲೇ ಹಾಕಿರುತ್ತಾರೆ. ಚಡ್ಡಿ ಹಾಕಿಕೊಂಡು ಹೋದರೆ ಬಿಡುವುದಿಲ್ಲ ಅನ್ನುವುದು ಮಾತ್ರ ನಿಜ. ನಾನು ಗುಂಪಿಗೆ ಹೇಳುವುದು ಇಷ್ಟೇ: ಬಾಗಿಲವರೆಗೆ ನಡೆದು ಹೋಗಿ ನೋಡಿ. ಯಾರನ್ನಾದರೂ ಕೇಳಲೇಬೇಕಾದರೆ ನೀವಾಗಿ ಆರಿಸಿಕೊಂಡವರನ್ನು ಕೇಳಿ, ನಿಮ್ಮನ್ನು ಆರಿಸಿಕೊಂಡು ಬಂದವರನ್ನಲ್ಲ.

ಈ ಆಟ ನಮಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆ ಸುತ್ತಮುತ್ತ ವಿದೇಶಿಯರ ಬೆನ್ನು ಹತ್ತಿ, ಇವತ್ತೊಂದೇ ದಿನ ವಿಶೇಷ ಸಂತೆ ಇದೆ ಬನ್ನಿ ಅಂತ ಅಗರಬತ್ತಿ, ಗಂಧದೆಣ್ಣೆ ಅಂಗಡಿಗೆ ಕರೆದೊಯ್ಯುವವರನ್ನು ನೋಡಿ ನಾವು ನಗುತ್ತೇವೆ. ಅದೇ ಸಂಭಾಷಣೆ ಬ್ಯಾಂಕಾಕ್‌ನಲ್ಲಿ ಕೇಳಿದಾಗ ಗುರುತೇ ಸಿಗುವುದಿಲ್ಲ.

3. ಎಡವುವುದು ದಾಕ್ಷಿಣ್ಯಕ್ಕೆ

ಆಸೆಬುರುಕರೇ ಮೋಸ ಹೋಗುವುದು ಅಂತ ಜನ ಹೇಳುತ್ತಾರೆ. ನನ್ನ ಅನುಭವ ಬೇರೆ. ರತ್ನದ ಅಂಗಡಿಯಲ್ಲಿ ಕಾರ್ಡ್ ಉಜ್ಜಿದವರಲ್ಲಿ ಬಹಳ ಜನ, ‘ಅಷ್ಟು ಹೊತ್ತು ಜ್ಯೂಸ್ ಕೊಟ್ಟು ಕೂರಿಸಿದ್ದರು, ಸುಮ್ಮನೆ ಎದ್ದು ಬರೋದು ಹೇಗೆ ಸಾರ್’ ಅಂದಿದ್ದಾರೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ತಾವಿಲ್ಲ ಅನ್ನುವ ಗಾದೆ ಗೊತ್ತಿದ್ದ ಹಿರಿಯರೇ ಹೀಗೆ ಅಂದದ್ದುಂಟು.

ಪ್ಯಾರಿಸ್‌ನ ಮಾಂಟ್‌ಮಾರ್ಟ್ ಗುಡ್ಡದ ಮೆಟ್ಟಿಲ ಹತ್ತಿರ ಒಬ್ಬ ನಗುತ್ತ ಕೈ ಹಿಡಿದು ಬೆರಳಿಗೆ ದಾರ ಹೆಣೆಯಲು ಶುರುಮಾಡುತ್ತಾನೆ. ಹೆಣೆದು ಮುಗಿಸಿ ಗಂಟು ಹಾಕಿದ ಮೇಲೆ ಯೂರೋ ಕೇಳುತ್ತಾನೆ. ದಾರ ಬಿಚ್ಚಲು ಬರುವುದಿಲ್ಲ, ಸುತ್ತ ಅವನ ಸ್ನೇಹಿತರು. ರೋಮ್‌ನಲ್ಲಿ ಹೆಂಡತಿಯ ಕೈಗೆ ಗುಲಾಬಿ ಇಟ್ಟು ಗಂಡನ ಮುಖ ನೋಡುತ್ತಾರೆ. ಇಸ್ತಾಂಬುಲ್‌ನಲ್ಲಿ ಬೂಟ್ ಪಾಲಿಶ್ ಮಾಡುವವನು ನಿಮ್ಮ ಮುಂದೆ ನಡೆಯುತ್ತ ಬ್ರಶ್ ಬೀಳಿಸಿಕೊಳ್ಳುತ್ತಾನೆ. ನೀವು ಎತ್ತಿಕೊಟ್ಟರೆ ಕೃತಜ್ಞತೆಗೆ ಅಂತ ಪಾಲಿಶ್ ಮಾಡಿ, ಮುಗಿದ ಮೇಲೆ ಮಕ್ಕಳ ಕಷ್ಟ ಹೇಳಿ ಹಣ ಕೇಳುತ್ತಾನೆ. ನಾಲ್ಕೂ ಕಡೆ ಮೊದಲು ಸಿಗುವುದು ಉಪಕಾರ, ಆಮೇಲೆ ಬಿಲ್ಲು.

ಇದಕ್ಕೆ ನನ್ನ ಗುಂಪುಗಳಿಗೆ ಹೇಳಿಕೊಡುವ ಉಪಾಯ ನಗು ತರಿಸುತ್ತದೆ, ಆದರೆ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ‘ನೋ ಥ್ಯಾಂಕ್ಸ್’ ಅನ್ನಬೇಡಿ. ಅದಕ್ಕೆ ಅವರ ಬಳಿ ಹತ್ತು ಉತ್ತರ ಇರುತ್ತವೆ. ಹಿಂದಿಯೂ ಬೇಡ. ಪಟ್ಟಾಯ, ಬಾಲಿಯ ಬೀದಿಗಳಲ್ಲಿ ‘ನಮಸ್ತೆ ಭಯ್ಯಾ’ದಿಂದ ಹಿಡಿದು ಸಿನಿಮಾ ಡೈಲಾಗ್‌ವರೆಗೆ ಹೇಳುತ್ತಾರೆ. ಕೈ ಜೇಬಿನಲ್ಲಿಟ್ಟು, ನಿಲ್ಲದೆ, ಗಟ್ಟಿಯಾಗಿ ‘ಬೇಡಪ್ಪಾ, ಹೋಗು’ ಅನ್ನಿ. ಕನ್ನಡಕ್ಕೆ ಅವರಲ್ಲಿ ಮರುಮಾತಿಲ್ಲ.

4. ಪಾಸ್‌ಪೋರ್ಟ್ ಅಡವಿಡುವ ವಸ್ತುವಲ್ಲ

ಪಟ್ಟಾಯ, ಫುಕೆಟ್‌ನ ದಡದಲ್ಲಿ ಜೆಟ್-ಸ್ಕಿ ಬಾಡಿಗೆಗೆ ಕೊಡುವವರು ಡೆಪಾಸಿಟ್ ಬದಲು ಪಾಸ್‌ಪೋರ್ಟ್ ಕೊಡಿ ಅನ್ನುತ್ತಾರೆ. ಅರ್ಧ ಗಂಟೆ ಸುತ್ತಿ ಬಂದ ಮೇಲೆ ಗಾಡಿಯ ತಳದಲ್ಲಿ ಗೀರು ತೋರಿಸುತ್ತಾರೆ. ನೀರಿನಲ್ಲಿದ್ದ ಭಾಗವನ್ನು ಹೊರಡುವಾಗ ಯಾರು ನೋಡುತ್ತಾರೆ? ಲಕ್ಷದ ಲೆಕ್ಕದಲ್ಲಿ ರಿಪೇರಿ ಖರ್ಚು ಹೇಳುತ್ತಾರೆ, ಚೌಕಾಸಿ ಮಾಡಿದಂತೆ ನಟಿಸಿ ಇಳಿಸುತ್ತಾರೆ. ರಾತ್ರಿಯೇ ವಿಮಾನ ಇದ್ದವರು ಕೊಟ್ಟುಬಿಡುತ್ತಾರೆ. ಅವರು ಮೊದಲು ಕೇಳುವ ಪ್ರಶ್ನೆಯೇ ‘ಯಾವಾಗ ವಾಪಸ್?’ ಎಂಬುದು, ಗಮನಿಸಿ.

ಏನೇ ಬಾಡಿಗೆಗೆ ತೆಗೆದುಕೊಂಡರೂ ನಗದು ಡೆಪಾಸಿಟ್ ಕೊಡಿ, ಬೇಕಾದರೆ ಪಾಸ್‌ಪೋರ್ಟ್‌ನ ಜೆರಾಕ್ಸ್ ಕೊಡಿ. ಗಾಡಿಯ ಸುತ್ತ, ತಳದವರೆಗೆ, ಬಾಡಿಗೆಯವನ ಎದುರಿಗೇ ವಿಡಿಯೋ ಮಾಡಿಕೊಳ್ಳಿ. ವಿಡಿಯೋ ಮಾಡಲು ಶುರುಮಾಡಿದರೆ ಕೆಲವರು ಗಾಡಿಯೇ ಇಲ್ಲ ಅನ್ನುತ್ತಾರೆ. ಒಳ್ಳೆಯದಾಯಿತು ಅಂದುಕೊಂಡು ಬನ್ನಿ.

ಬಾಲಿಯಲ್ಲಿ ಸ್ಕೂಟರ್ ಓಡಿಸುವವರಿಗೆ ಇನ್ನೊಂದು ಮಾತು. ಕೆ.ಆರ್. ಪುರದ್ದೋ ಎಲೆಕ್ಟ್ರಾನಿಕ್ ಸಿಟಿಯದೋ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಅದಿಲ್ಲದೆ ಬಿದ್ದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತದೆ. ಆಸ್ಪತ್ರೆ ಬಿಲ್ಲಿನ ಮುಂದೆ ಯಾವ ಜೆಟ್-ಸ್ಕಿಯೂ ಲೆಕ್ಕಕ್ಕಿಲ್ಲ.

5. ನೋಟನ್ನು ಕೊನೆಗೆ ಎಣಿಸುವ ಕೈ ನಿಮ್ಮದೇ ಇರಲಿ

ಬಾಲಿಯ ಕುಟಾ ಬೀದಿಯಲ್ಲಿ ಬಟ್ಟೆ ಅಂಗಡಿಯ ಹಿಂದೊಂದು ಮೇಜು, ಮೇಲೊಂದು ದರದ ಬೋರ್ಡು. ಪಕ್ಕದ ಎಲ್ಲರಿಗಿಂತ ಒಳ್ಳೆ ದರ. ನೂರು ಡಾಲರ್‌ಗೆ ಹದಿನೈದು ಲಕ್ಷದ ಮೇಲೆ ರುಪಿಯಾ ಬರುತ್ತದೆ. ಆ ದೇಶದಲ್ಲಿ ಒಂದು ಲಕ್ಷದ ನೋಟೇ ಇದೆ, ಆದರೆ ಅವನು ಕೊಡುವುದು ಇಪ್ಪತ್ತು ಸಾವಿರದ ನೋಟು. ಮೇಜಿನ ಮೇಲೆ ಸಣ್ಣ ಸಣ್ಣ ಕಟ್ಟು ಮಾಡಿ ಜೋಡಿಸುತ್ತಾನೆ. ನೀವು ಎಣಿಸುತ್ತೀರಿ, ಸರಿ ಇರುತ್ತದೆ. ‘ಇನ್ನೊಂದು ಸಲ ನೋಡೋಣ’ ಅಂತ ಅವನು ಎಲ್ಲವನ್ನೂ ಒಟ್ಟುಮಾಡಿ, ಮೇಜಿನ ಅಂಚಿಗೆ ತಟ್ಟಿ ಸಮ ಮಾಡುತ್ತಾನೆ. ಆ ತಟ್ಟುವಾಗ ಹೆಬ್ಬೆರಳಿನ ಅಡಿಯಿಂದ ಹಿಂದಿನ ಹತ್ತು ಹನ್ನೆರಡು ನೋಟು ಮೇಜಿನ ಆಚೆ ಡ್ರಾಯರಿಗೆ ಜಾರುತ್ತವೆ. ಕಟ್ಟು ನಿಮ್ಮ ಕೈಗೆ ಬರುತ್ತದೆ, ಎಣಿಸಿ ಆಗಿದೆಯಲ್ಲ ಅಂತ ನೀವು ಪರ್ಸಿಗೆ ಹಾಕುತ್ತೀರಿ. ನಿಮ್ಮ ಎಣಿಕೆಯ ನಂತರ ಅವನು ಮುಟ್ಟಿದರೆ ಮತ್ತೆ ಎಣಿಸಿ, ಅಥವಾ ಡಾಲರ್ ವಾಪಸ್ ಇಸಕೊಳ್ಳಿ. ಬ್ಯಾಂಕ್ ಇಂಡೋನೇಷ್ಯಾ ಪರವಾನಗಿ ಇರುವ ಗಾಜಿನ ಕೌಂಟರಿನ ಕಡೆ ದರ ಸ್ವಲ್ಪ ಕಡಿಮೆ ಇದ್ದರೂ ಲಾಭ.

ವಿಯೆಟ್ನಾಂನಲ್ಲಿ ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ರಾತ್ರಿ ಟ್ಯಾಕ್ಸಿಯ ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಚಾಲಕ ತುಟಿ ಬಿಚ್ಚುವುದಿಲ್ಲ. ಎರಡನ್ನೂ ಪರ್ಸಿನ ಬೇರೆ ಬೇರೆ ಕಡೆ ಇಡಿ.

ಪ್ರಾಗ್‌ನಲ್ಲಿ ಹಣ ಬದಲಾಯಿಸುವ ಅಂಗಡಿಗಳ ಕಾಟ ಎಷ್ಟಿತ್ತೆಂದರೆ ಜೆಕ್ ಸರ್ಕಾರ ಕಾನೂನನ್ನೇ ತಂದಿತು. 2019ರ ಏಪ್ರಿಲ್‌ನಿಂದ ಅಲ್ಲಿ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಿಕೊಳ್ಳಬಹುದು. ರಸೀದಿ ಇಟ್ಟುಕೊಂಡಿರಬೇಕು. ಹೀಗೊಂದು ಹಕ್ಕಿದೆ ಅನ್ನುವುದೇ ನಮ್ಮವರಿಗೆ ಗೊತ್ತಿರುವುದಿಲ್ಲ.

ಇನ್ನು ಕಾರ್ಡು. ಅಂಗಡಿಯ ಮೆಷಿನ್ನು, ಎಟಿಎಂ ‘ರೂಪಾಯಿಯಲ್ಲಿ ಕಟ್ಟುತ್ತೀರಾ, ಇಲ್ಲಿನ ಹಣದಲ್ಲಾ’ ಅಂತ ಕೇಳುತ್ತದೆ. ರೂಪಾಯಿ ಕಂಡರೆ ನಮಗೆ ಊರಿನವರನ್ನು ಕಂಡಷ್ಟು ಸಮಾಧಾನ, ಒತ್ತಿಬಿಡುತ್ತೇವೆ. ದರ ಕಟ್ಟುವವನು ಆ ಮೆಷಿನ್ನಿನ ಕಡೆಯವನು, ನಷ್ಟ ನಮ್ಮದು. ಯಾವಾಗಲೂ ಆ ದೇಶದ ಹಣವನ್ನೇ ಒತ್ತಿ. ಇದು ಕಾನೂನುಬದ್ಧ, ಹಾಗಾಗಿ ಮೋಸ ಅನ್ನುವಂತಿಲ್ಲ. ನಾನಂತೂ ಅನ್ನುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಕಾರ್ಡಿನ ವಿದೇಶಿ ಬಳಕೆಯನ್ನು ನಾವೇ ಆ್ಯಪ್‌ನಲ್ಲಿ ತೆರೆಯಬೇಕು, ಮಿತಿಯನ್ನೂ ನಾವೇ ಇಡಬಹುದು. ಒಂದು ಕಾರ್ಡು ಮಾತ್ರ ತೆರೆಯಿರಿ, ದಿನದ ಖರ್ಚಿನಷ್ಟೇ ಮಿತಿ ಇಡಿ.

6. ಒಂಟಿ ಗಂಡಸರಿಗೆ ಒಂದು ಮಾತು

ಇದನ್ನು ನಮ್ಮ ಯಜಮಾನರು ಹೆಂಡತಿಯ ಮುಂದೆ ಹೇಳುವುದಿಲ್ಲ, ನಾನೂ ಚುಟುಕಾಗಿ ಮುಗಿಸುತ್ತೇನೆ. ಶಾಂಘೈ, ಬೀಜಿಂಗ್‌ನ ಪ್ರವಾಸಿ ಬೀದಿಗಳಲ್ಲಿ ವಿದ್ಯಾರ್ಥಿನಿಯರಂತೆ ಕಾಣುವ ಇಬ್ಬರು ಹುಡುಗಿಯರು ಇಂಗ್ಲಿಷ್ ಅಭ್ಯಾಸ ಮಾಡಬೇಕು ಅಂತ ಮಾತಿಗಿಳಿದು, ಚೀನೀ ಚಹಾದ ಪದ್ಧತಿ ತೋರಿಸುತ್ತೇವೆ ಬನ್ನಿ ಅನ್ನುತ್ತಾರೆ. ಬೆರಳುದ್ದದ ಲೋಟದಲ್ಲಿ ಐದಾರು ಥರದ ಚಹಾ. ಬಿಲ್ಲು ಸಾವಿರಾರು ಯುವಾನ್. ಹುಡುಗಿಯರು ತಮ್ಮ ಪಾಲು ಕೊಟ್ಟ ಹಾಗೆ ಮಾಡುತ್ತಾರೆ. ಇಸ್ತಾಂಬುಲ್‌ನ ತಕ್ಸಿಮ್ ಸುತ್ತ ಚಹಾದ ಬದಲು ಬಾರು, ಕರೆದೊಯ್ಯುವವನು ಗಂಡಸು. ಉಳಿದದ್ದೆಲ್ಲ ಒಂದೇ. ಬೆಲೆಪಟ್ಟಿ ನೋಡದೆ ಎಲ್ಲೂ ಕೂರಬೇಡಿ. ಸ್ಥಳ ನೀವೇ ಆರಿಸಿ. ‘ಬೇರೆ ಕಡೆ ಹೋಗೋಣ’ ಅಂದ ಕೂಡಲೇ ಸ್ನೇಹ ತಣ್ಣಗಾದರೆ ಅರ್ಥ ಮಾಡಿಕೊಳ್ಳಿ.

7. ಪೀಣ್ಯದವರಿಗೆ ದೊಡ್ಡ ಪೆಟ್ಟು ಬೀಳುವುದು ಊರಿಗೆ ಬಂದ ಮೇಲೆ

ಕ್ಯಾಂಟನ್ ಮೇಳ 1957ರಿಂದ ನಡೆಯುತ್ತಿದೆ. ವರ್ಷಕ್ಕೆರಡು ಸಲ, ವಸಂತಕ್ಕೊಮ್ಮೆ ಶರತ್ಕಾಲಕ್ಕೊಮ್ಮೆ. ಅಲ್ಲಿಗೆ ಹೋದವರು ಪರ್ಸನ್ನು ಜೋಪಾನವಾಗಿ ಹಿಡಿದುಕೊಂಡೇ ಓಡಾಡುತ್ತಾರೆ. ಹೋಗುವ ದುಡ್ಡು ಪರ್ಸಿನಲ್ಲಿರುವುದಿಲ್ಲ.

ಮಳಿಗೆಯಲ್ಲಿ ಮೆಷಿನ್ ನೋಡುತ್ತಾರೆ, ಓಡಿಸಿ ಪರೀಕ್ಷಿಸುತ್ತಾರೆ, ಕಾರ್ಡ್ ಬದಲಾಯಿಸುತ್ತಾರೆ. ಊರಿಗೆ ಬಂದ ಮೇಲೆ ಪ್ರೊಫಾರ್ಮಾ ಇನ್‌ವಾಯ್ಸ್ ಬರುತ್ತದೆ, ಶೇಕಡಾ 30 ಅಡ್ವಾನ್ಸ್ ಎಂದು ಮಾತಾಗುತ್ತದೆ. ಕಟ್ಟುವ ಹಿಂದಿನ ದಿನ ಅದೇ ಸೇಲ್ಸ್ ಹುಡುಗಿಯ ಹೆಸರಿನಲ್ಲಿ ಇನ್ನೊಂದು ಇಮೇಲ್: ನಮ್ಮ ಬ್ಯಾಂಕ್ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಕಳಿಸಿ. ಇಮೇಲ್ ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ. ಮೇಳದಲ್ಲಿ ಕಾರ್ಡ್ ಹಂಚಿದ್ದರಿಂದಲೋ, ಆ ಕಂಪನಿಯ ಇಮೇಲ್‌ಗೆ ಕಳ್ಳರು ನುಗ್ಗಿದ್ದರಿಂದಲೋ, ಮೆಷಿನ್ನಿನ ಮಾಡೆಲ್ ನಂಬರಿನಿಂದ ಹಿಡಿದು ಎಲ್ಲ ವಿವರ ಅವರ ಬಳಿ ಇರುತ್ತದೆ. ನಮ್ಮವರು ಬ್ಯಾಂಕಿಗೆ ಹೋಗಿ ಹಣ ಕಳಿಸಿಬಿಡುತ್ತಾರೆ. ಒಂದು ಸಲ ಅಲ್ಲಿನ ಖಾತೆಗೆ ಜಮೆಯಾಗಿ, ಅಲ್ಲಿಂದ ಬೇರೆ ಕಡೆ ಹಾರಿದರೆ ವಾಪಸ್ ತರುವುದು ಬಹಳ ಕಷ್ಟ.

ಕಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಆಮದಿಗೆ ಅಂತ ಹಣ ಕಳಿಸಿದರೆ ಮಾಲು ಬಂದದ್ದಕ್ಕೆ ಬಿಲ್ ಆಫ್ ಎಂಟ್ರಿಯ ಪುರಾವೆ ಬ್ಯಾಂಕಿಗೆ ಸಿಗಬೇಕು. ಮೆಷಿನ್ನೇ ಬರಲಿಲ್ಲ ಅಂದರೆ ಆ ಲೆಕ್ಕ ಬ್ಯಾಂಕಿನ ದಾಖಲೆಯಲ್ಲಿ ಬಾಕಿಯಾಗಿ ನಿಲ್ಲುತ್ತದೆ, ಬ್ಯಾಂಕಿನವರು ಪತ್ರದ ಮೇಲೆ ಪತ್ರ ಬರೆಯುತ್ತಾರೆ. ದುಡ್ಡು ಕಳೆದುಕೊಂಡವನೇ ವಿವರಣೆ ಕೊಡುತ್ತ ಓಡಾಡಬೇಕು. ಪೊಲೀಸ್ ದೂರಿನ ಪ್ರತಿ ಇಲ್ಲದಿದ್ದರೆ ಅದೂ ಕಷ್ಟ.

ಖಾತೆ ಬದಲಾಗಿದೆ ಅಂತ ಬರೆದರೆ, ಆ ಇಮೇಲ್‌ಗೆ ಉತ್ತರಿಸಬೇಡಿ, ಅದರಲ್ಲಿರುವ ನಂಬರಿಗೂ ಫೋನ್ ಮಾಡಬೇಡಿ. ಮಳಿಗೆಯಲ್ಲಿ ಕೈಯಾರೆ ಇಸಕೊಂಡ ಕಾರ್ಡಿನ ನಂಬರಿಗೆ ವಿಡಿಯೋ ಕಾಲ್ ಮಾಡಿ, ಮುಖ ನೋಡಿ ಕೇಳಿ. ಝೆಜಿಯಾಂಗ್‌ನ ಕಂಪನಿಗೆ ಬೇರೆ ದೇಶದ ಬ್ಯಾಂಕಿನಲ್ಲಿ, ವ್ಯಕ್ತಿಯ ಹೆಸರಿನಲ್ಲಿ ಖಾತೆ ಯಾಕೆ ಅನ್ನುವುದಕ್ಕೆ ಒಳ್ಳೆಯ ಉತ್ತರ ಇರುವುದು ಬಹಳ ಅಪರೂಪ. ದೊಡ್ಡ ಮೊತ್ತವಾದರೆ ಲೆಟರ್ ಆಫ್ ಕ್ರೆಡಿಟ್ ಮಾಡಿಸಿ. ಬ್ಯಾಂಕ್ ಚಾರ್ಜ್ ಜಾಸ್ತಿ ಅಂತ ಗೊಣಗುವವರು ಲಾರಿ ಇನ್ಶೂರೆನ್ಸ್‌ಗೆ ಮಾತ್ರ ಗೊಣಗದೆ ಕಟ್ಟುತ್ತಾರೆ.

8. ಟೂರಿಸ್ಟ್ ಆಗಿ ಹೋಗಿ, ಅಲ್ಲಿ ಕೆಲಸ ಕೊಡುತ್ತಾರೆ ಅಂದರೆ ಟಿಕೆಟ್ ಮಾಡಬೇಡಿ

ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಿಂದ ಕೆಲವು ಹುಡುಗರು ಬರುತ್ತಾರೆ. ಬ್ಯಾಂಕಾಕ್‌ಗೆ ಟಿಕೆಟ್ ಬೇಕು, ವಾಪಸ್ ಟಿಕೆಟ್ ಡಮ್ಮಿ ಸಾಕು, ಹೋಟೆಲ್ ಬುಕಿಂಗ್ ಕೂಡ ತೋರಿಸುವುದಕ್ಕೆ ಮಾತ್ರ. ‘ಏನಪ್ಪಾ ಕೆಲಸ’ ಅಂದರೆ ‘ಡಿಜಿಟಲ್ ಮಾರ್ಕೆಟಿಂಗ್ ಅಣ್ಣಾ, ಟೆಲಿಗ್ರಾಂನಲ್ಲಿ ಇಂಟರ್‌ವ್ಯೂ ಆಯ್ತು’ ಅನ್ನುತ್ತಾರೆ. ಇಂಥವರಿಗೆ ನಾನು ಟಿಕೆಟ್ ಮಾಡುವುದಿಲ್ಲ. ಕೂರಿಸಿಕೊಂಡು ಟೀ ತರಿಸಿ ಮಾತಾಡುತ್ತೇನೆ.

ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಸೇಲ್ಸ್ ಮತ್ತು ಮಾರ್ಕೆಟಿಂಗ್ ಹುದ್ದೆ ಎಂದು ಐಟಿ ಕೌಶಲ ಇರುವ ಯುವಕರನ್ನೇ ಗುರಿಮಾಡಿ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕುವ ಜಾಲ ಅದು. ಮೇ ಸಾಟ್ ಎಂಬ ಥಾಯ್ ಗಡಿ ಊರಿನ ಆಚೆ ಮೋಯಿ ನದಿ, ನದಿಯ ಆಚೆ ಮ್ಯಾವಡ್ಡಿ. ಅಲ್ಲಿನ ಆವರಣಗಳಲ್ಲಿ ಹುಡುಗರಿಂದ ಮಾಡಿಸುವ ಕೆಲಸ ಬೇರೆಯವರಿಗೆ ಆನ್‌ಲೈನ್‌ನಲ್ಲಿ ಮೋಸ ಮಾಡುವುದು. ಪಾಸ್‌ಪೋರ್ಟ್ ಕಿತ್ತುಕೊಂಡಿರುತ್ತಾರೆ. 2025ರ ಮಾರ್ಚ್‌ನಲ್ಲಿ ಮೇ ಸಾಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಸರ್ಕಾರ ವಾಪಸ್ ಕರೆತಂದಿತು. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್‌ನ ಟೆಕ್ಕಿಗೆ ಷೇರು ಆ್ಯಪ್ ಹೆಸರಿನಲ್ಲಿ ಬರುವ ಮೆಸೇಜನ್ನು ಟೈಪ್ ಮಾಡುತ್ತಿರುವವನು ಹೀಗೆ ಸಿಕ್ಕಿಬಿದ್ದ ನಮ್ಮದೇ ಹುಡುಗನಾಗಿರಬಹುದು.

ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರಿಗೆ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹುಡುಕಬಹುದು. ಅವರು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಪ್ರವಾಸಿಯಾಗಿ ಹೋಗಿ ಅಲ್ಲಿ ವರ್ಕ್ ಪರ್ಮಿಟ್ ಮಾಡಿಸೋಣ ಅನ್ನುವವರನ್ನು ಮನೆಯೊಳಗೇ ಬಿಡಬೇಡಿ.

9. ನಮ್ಮ ದಂಧೆಯವರನ್ನೂ ನಂಬಬೇಡಿ, ತಾಳೆ ನೋಡಿ

ಮಾಲ್‌ನಲ್ಲಿ ಕೂಪನ್ ತುಂಬಿದಿರಿ, ಬ್ಯಾಂಕಾಕ್ ಮೂರು ರಾತ್ರಿ ಫ್ರೀ ಬಂದಿದೆ, ಗಂಡ-ಹೆಂಡತಿ ಇಬ್ಬರೂ ಬಂದು ವೋಚರ್ ತಗೊಳ್ಳಿ ಎಂಬ ಫೋನ್ ಈ ಕಡೆ ಯಾರಿಗೆ ಬಂದಿಲ್ಲ? ಹೋದರೆ ಎರಡು ಗಂಟೆ ಕೂರಿಸಿ, ಜೋರಾಗಿ ಹಾಡು ಹಾಕಿ, ಇವತ್ತೇ ಸೇರಿದರೆ ಈ ದರ ಅಂತ ಹಾಲಿಡೇ ಮೆಂಬರ್‌ಷಿಪ್ ಕಟ್ಟಿಸುತ್ತಾರೆ. ಇದು ಬ್ಯಾಂಕಾಕ್ ರತ್ನದ ಅಂಗಡಿಯ ಬೆಂಗಳೂರು ಶಾಖೆ. ಹೋಗಬೇಡಿ, ಅಷ್ಟೇ.

ಏಜೆಂಟ್ ಯಾರೇ ಇರಲಿ, ನಾನೇ ಇರಲಿ, ಮೂರು ವಿಷಯ ಪರೀಕ್ಷಿಸಿ. ವಿಮಾನದ ಟಿಕೆಟ್‌ನಲ್ಲಿ ಪಿಎನ್‌ಆರ್ ಇದ್ದರೆ ಸಾಲದು, ಹದಿಮೂರು ಅಂಕಿಯ ಇ-ಟಿಕೆಟ್ ಸಂಖ್ಯೆ ಇರಬೇಕು. ಪಿಎನ್‌ಆರ್ ಮಾತ್ರ ಇದ್ದರೆ ಸೀಟು ಹಿಡಿದಿಟ್ಟಿರಬಹುದು, ದುಡ್ಡು ಕಟ್ಟಿರಲಿಕ್ಕಿಲ್ಲ. ಹೋಟೆಲ್‌ಗೆ ನೀವೇ ಇಮೇಲ್ ಬರೆದು ನಿಮ್ಮ ಹೆಸರಿನಲ್ಲಿ ರೂಮು ಇದೆಯಾ ಕೇಳಿ. ವಿದೇಶಿ ಪ್ಯಾಕೇಜ್ ಮೇಲೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಅಂತ ಹಿಡಿದುಕೊಂಡರೆ ಅದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ತೆರಿಗೆ ಲೆಕ್ಕದಲ್ಲಿ ಕಾಣಿಸಬೇಕು. ಕಾಣಿಸಿದರೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಹಿಡಿಯಬಹುದು. ಕಾಣಿಸದಿದ್ದರೆ ಯಾರ ಜೇಬಿನಲ್ಲಿದೆ ಅಂತ ಕೇಳಿ. ಟಿಸಿಎಸ್ ಇಲ್ಲದೆ ಕ್ಯಾಷ್‌ನಲ್ಲಿ ಮುಗಿಸೋಣ ಅನ್ನುವವರ ಹತ್ತಿರ ಬಿಲ್ಲೂ ಇರುವುದಿಲ್ಲ, ನಾಳೆ ಆಫೀಸೂ ಇರಲಿಕ್ಕಿಲ್ಲ.

10. ಆಗಿಹೋದ ಮೇಲೆ

ಮೋಸ ಹೋದವರು ಮೊದಲು ಮಾಡುವುದು ಸುಮ್ಮನಾಗುವುದು. ಟೀಮ್ ಲೀಡ್‌ಗೆ ಗೊತ್ತಾದರೆ ನಗುತ್ತಾರೆ, ಭಾವಮೈದುನನಿಗೆ ಗೊತ್ತಾದರೆ ಜನ್ಮಪೂರ್ತಿ ಆಡಿಕೊಳ್ಳುತ್ತಾನೆ. ಆ ಸುಮ್ಮನಿರುವ ಗಂಟೆಗಳೇ ಬೆಲೆಯುಳ್ಳವು.

ಕಾರ್ಡ್ ಹೋದರೆ ಆ್ಯಪ್‌ನಲ್ಲಿ ಕೂಡಲೇ ಬಂದ್ ಮಾಡಿ. ನೀವು ಮಾಡದ ವಹಿವಾಟನ್ನು ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ, ತಪ್ಪು ಮೂರನೆಯವರದಾಗಿದ್ದರೆ, ನಿಮ್ಮ ಹೊಣೆ ಸೊನ್ನೆ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ನೀವೇ ಉಜ್ಜಿದ ಕಾರ್ಡಿಗೆ ಇದು ಅನ್ವಯಿಸುವುದಿಲ್ಲ. ಆಗ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ ಹಾಕಬೇಕು, ಅದಕ್ಕೆ ಅಂಗಡಿಯ ಬಿಲ್ಲು, ಫೋಟೋ ಎಲ್ಲ ಬೇಕು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ಊರಿನಲ್ಲಿರುವ ಮನೆಯವರಿಂದ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಥಾಯ್ಲೆಂಡ್‌ನಲ್ಲಿ ಪ್ರವಾಸಿ ಪೊಲೀಸರ ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಜೆಟ್-ಸ್ಕಿಯವನ ಮುಂದೆ ನಿಂತು ಆ ನಂಬರ್ ಒತ್ತಿದರೆ ಎಷ್ಟೋ ಸಲ ಗೀರಿನ ಬೆಲೆ ತಾನೇ ಇಳಿಯುತ್ತದೆ. ಚೀನಾದಲ್ಲಿ ಪೊಲೀಸ್ ನಂಬರ್ 110. ಏನು ಕಳೆದರೂ ಆ ಊರಿನ ಪೊಲೀಸರಿಂದ ಬರಹದಲ್ಲಿ ದೂರಿನ ಪ್ರತಿ ಇಸಕೊಳ್ಳಿ. ಅದಿಲ್ಲದೆ ಇನ್ಶೂರೆನ್ಸ್ ಹಣ ಬರುವುದಿಲ್ಲ. ಪಾಸ್‌ಪೋರ್ಟ್ ಕಳೆದರೆ ಆ ಪ್ರತಿ ಹಿಡಿದು ನಮ್ಮ ರಾಯಭಾರ ಕಚೇರಿಗೆ ಹೋದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಭಾರತಕ್ಕೆ ವಾಪಸ್ ಬರುವುದಕ್ಕೆ ಮಾತ್ರ ಅದು ನಡೆಯುತ್ತದೆ. ಪಾಸ್‌ಪೋರ್ಟ್‌ನ ಸ್ಕ್ಯಾನ್ ಒಂದನ್ನು ಮನೆಯವರ ಫೋನಿನಲ್ಲೂ ಇಟ್ಟಿರಿ.

ಊರಿಗೆ ಬಂದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಆಫೀಸಿನಲ್ಲಿ, ಡೀಲರ್‌ಗಳ ಗುಂಪಿನಲ್ಲಿ ಮುಂದಿನ ತಿಂಗಳು ಅಲ್ಲಿಗೇ ಹೊರಟವರು ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ಬೀಚಿನ ಫೋಟೋ ತೋರಿಸುವಾಗ ಆ ಕಲ್ಲಿನ ಬಿಲ್ಲನ್ನೂ ತೋರಿಸಿ.